ಓಡುವ ಕಾರು, ಕೂಡದ ಲೆಕ್ಕ

2022ರ ಮಾರ್ಚ್ 30ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಹೈಡ್ರೋಜನ್ ಕಾರಿನಲ್ಲಿ ಸಂಸತ್ತಿಗೆ ಬಂದಿಳಿದರು. ಅದು ಟೊಯೋಟಾ ಕಂಪನಿಯ ಮಿರಾಯ್. ಜಪಾನಿನಲ್ಲಿ 2014ರ ಕೊನೆಯಲ್ಲೇ ಮಾರಾಟಕ್ಕೆ ಬಂದ ಈ ಕಾರು ನಮ್ಮ ರಸ್ತೆಗಳಲ್ಲಿ ಇನ್ನೂ ಏಕೆ ಕಾಣುತ್ತಿಲ್ಲ?

ಯಂತ್ರದಲ್ಲಿ ದೋಷವಿಲ್ಲ. ಮಿರಾಯ್ ಹೈಡ್ರೋಜನ್ನನ್ನು ಉರಿಸುವುದೇ ಇಲ್ಲ. ಅದರ ಫ್ಯೂಯೆಲ್ ಸೆಲ್‌ನಲ್ಲಿ ತೆಳುವಾದ ಪೊರೆಯಿದೆ, ಪೊರೆಯ ಮೇಲೆ ಪ್ಲಾಟಿನಂ ಕಣಗಳ ಲೇಪವಿದೆ. ಅಲ್ಲಿ ಹೈಡ್ರೋಜನ್ ಪ್ರೋಟಾನ್, ಎಲೆಕ್ಟ್ರಾನ್‌ಗಳಾಗಿ ಬೇರ್ಪಡುತ್ತದೆ. ಪೊರೆ ದಾರಿ ಬಿಡುವುದು ಪ್ರೋಟಾನ್‌ಗಳಿಗೆ ಮಾತ್ರ. ಎಲೆಕ್ಟ್ರಾನ್‌ಗಳು ತಂತಿಯ ಮೂಲಕ ಸುತ್ತಿ ಬರಬೇಕು. ಆ ಹರಿವೇ ಮೋಟಾರು ತಿರುಗಿಸುವ ವಿದ್ಯುತ್ತು. ಆಚೆ ಬದಿಯಲ್ಲಿ ಎರಡೂ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ನೀರಾಗುತ್ತವೆ. ಮನೆಯ ಗ್ಯಾರೇಜ್ ಒದ್ದೆಯಾಗದಂತೆ ಆ ನೀರನ್ನು ಮೊದಲೇ ಹೊರಚೆಲ್ಲಲು ಮೊದಲ ತಲೆಮಾರಿನ ಮಿರಾಯ್‌ನಲ್ಲಿ ಒಂದು ಬಟನ್ನೇ ಇತ್ತು!

ತೊಡಕು ಶುರುವಾಗುವುದು ಟ್ಯಾಂಕಿನಲ್ಲಿ. ತೂಕಕ್ಕೆ ತೂಕ ಹೋಲಿಸಿದರೆ ಹೈಡ್ರೋಜನ್‌ನಲ್ಲಿ ಪೆಟ್ರೋಲಿನ ಸುಮಾರು ಮೂರು ಪಟ್ಟು ಶಕ್ತಿಯಿದೆ. ಆದರೆ ವಾತಾವರಣದ 700 ಪಟ್ಟು ಒತ್ತಡದಲ್ಲಿ ಅದುಮಿದರೂ ಐದೂವರೆ ಕೆ.ಜಿ. ಅನಿಲಕ್ಕೆ ಸುಮಾರು 140 ಲೀಟರ್ ಜಾಗ ಬೇಕು. ಆ ಒತ್ತಡ ತಡೆಯಲು ಕಾರ್ಬನ್ ಫೈಬರ್ ಸುತ್ತಿದ ದುಬಾರಿ ಟ್ಯಾಂಕ್ ಬೇಕು. ತುಂಬಲು ಐದು ನಿಮಿಷ ಸಾಕು, ನಿಜ. ಆದರೆ ಬೇಗ ತುಂಬಿದರೆ ಟ್ಯಾಂಕ್ ಬಿಸಿಯಾಗುವುದರಿಂದ ಅನಿಲವನ್ನು ಮೈನಸ್ 40 ಡಿಗ್ರಿಯವರೆಗೆ ತಣಿಸಿ ಕೊಡುತ್ತಾರೆ. ಕೆಲವೊಮ್ಮೆ ಪಂಪಿನ ಮೂತಿ ಹಿಮಗಟ್ಟಿ ಕಾರಿಗೇ ಅಂಟಿಕೊಳ್ಳುತ್ತದೆ.

ಅಸಲಿ ಪೆಟ್ಟು ಕರೆಂಟಿನ ಲೆಕ್ಕದಲ್ಲಿದೆ. ನೀರನ್ನು ಒಡೆದು ಒಂದು ಕೆ.ಜಿ. ಹೈಡ್ರೋಜನ್ ತೆಗೆದು, ಅದುಮಿ ಕೊಡುವಷ್ಟರಲ್ಲಿ ಸುಮಾರು 55 ಯೂನಿಟ್ ಖರ್ಚು. ಅದರಲ್ಲಿ ಕಾರು ಓಡುವುದು ಸುಮಾರು 100 ಕಿ.ಮೀ. ಅಷ್ಟೇ ಯೂನಿಟ್ಟನ್ನು ನೇರವಾಗಿ ಬ್ಯಾಟರಿಗೆ ತುಂಬಿದರೆ ಎಲೆಕ್ಟ್ರಿಕ್ ಕಾರು 300 ಕಿ.ಮೀ. ದಾಟುತ್ತದೆ. ಒಡೆಯುವಾಗ, ಅದುಮುವಾಗ, ಮತ್ತೆ ವಿದ್ಯುತ್ತಾಗಿಸುವಾಗ ಪ್ರತಿ ಹಂತದಲ್ಲೂ ಶಕ್ತಿಯ ಸೋರಿಕೆ. ಇನ್ನು ಇಂದು ಜಗತ್ತಿನಲ್ಲಿ ತಯಾರಾಗುವ ಹೈಡ್ರೋಜನ್‌ನ ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ ಬರುವಂಥದ್ದು. ಕಾರು ಬಿಡದ ಹೊಗೆಯನ್ನು ಕಾರ್ಖಾನೆ ಬಿಟ್ಟಿರುತ್ತದೆ.

ಬಂಕ್ ಇಲ್ಲದೆ ಕಾರು ಕೊಳ್ಳುವವರಿಲ್ಲ, ಕಾರಿಲ್ಲದೆ ಬಂಕ್ ತೆರೆಯುವವರಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಶೆಲ್ ಕಂಪನಿ 2024ರಲ್ಲಿ ಕಾರುಗಳಿಗೆಂದು ನಡೆಸುತ್ತಿದ್ದ ಹೈಡ್ರೋಜನ್ ಬಂಕ್‌ಗಳನ್ನು ಮುಚ್ಚಿತು.

ಹಾಗೆಂದು ಹೈಡ್ರೋಜನ್ನೇ ದಂಡವಲ್ಲ. ರಸಗೊಬ್ಬರಕ್ಕೆ ಬೇಕಾದ ಅಮೋನಿಯಾ, ತೈಲ ಶುದ್ಧೀಕರಣ, ಕಲ್ಲಿದ್ದಲಿಲ್ಲದೆ ಉಕ್ಕಿನ ತಯಾರಿಕೆ, ಈ ಕೆಲಸಗಳನ್ನು ಬ್ಯಾಟರಿ ಮಾಡಲಾರದು. ಭಾರತ 2023ರಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ, ಅಂದರೆ ಸೌರ, ಗಾಳಿಯಂಥ ವಿದ್ಯುತ್ತಿನಿಂದ ಹೈಡ್ರೋಜನ್ ತೆಗೆಯುವ ಯೋಜನೆಗೆ, ಒಪ್ಪಿಗೆ ಕೊಟ್ಟಿದೆ. ಅದರಿಂದ ಸಿಗುವ ಹೈಡ್ರೋಜನ್ ಮೊದಲು ಗೊಬ್ಬರದ ಕಾರ್ಖಾನೆಗೆ ಹೋಗಲಿ. ಪೇಟೆಗೆ ಹೋಗಿಬರುವ ಕಾರಿಗೆ ಮನೆಯ ಪ್ಲಗ್ಗೇ ಸಾಕು.