ಆಯುಧಪೂಜೆಗೆ ಮುನ್ನ ಕಾರಿಗೊಂದು ಮಜ್ಜನ

ಮಹಾನವಮಿ ಹತ್ತಿರ ಬಂತೆಂದರೆ ಕರ್ನಾಟಕದ ಯಾವ ಊರಿನಲ್ಲೂ ವಾಟರ್ ಸರ್ವಿಸ್ ಅಂಗಡಿಗಳ ಮುಂದೆ ಕಾರುಗಳ ಸಾಲು ರಸ್ತೆಗೇ ಚಾಚಿರುತ್ತದೆ. ಗಂಟೆಗಟ್ಟಲೆ ಕಾದವರಿಗೆ ಕೊನೆಗೆ ಸಿಗುವುದು ಜೋರು ನೀರು, ಒಂದಿಷ್ಟು ನೊರೆ, ಅವಸರದಲ್ಲಿ ಎಳೆದ ಬಟ್ಟೆ, ಡ್ಯಾಶ್‌ಬೋರ್ಡಿಗೆ ಎಣ್ಣೆಯಂಥ ಪಾಲಿಶ್. ಕಾರು ಥಳಥಳ ಅನ್ನುತ್ತದೆ. ಆದರೆ ನಾಲ್ಕು ತಿಂಗಳ ಮಳೆಗಾಲ ಅದರ ಮೇಲೆ, ಕೆಳಗೆ, ಒಳಗೆ ಬಿಟ್ಟುಹೋದದ್ದೆಲ್ಲ ಇದ್ದಲ್ಲೇ ಇರುತ್ತದೆ.

ಮಲೆನಾಡಿನಲ್ಲಿ ಓಡಾಡಿದ ಕಾರಿನ ಸೀಟಿನಡಿ ಬೂಷ್ಟು ಹಿಡಿದಿರುತ್ತದೆ. ಧಾರವಾಡ, ಗದಗ, ವಿಜಯಪುರದ ಕಡೆ ಚಕ್ರದ ಮೇಲ್ಭಾಗದ ಗೂಡಿಗೆ ಮೆತ್ತಿಕೊಂಡ ಎರೆಮಣ್ಣು ಒಣಗಿ ಗಟ್ಟಿಯಾಗಿರುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿ ಕಾರಿನ ತಳದ ಕಬ್ಬಿಣವನ್ನು ಸದ್ದಿಲ್ಲದೆ ತಿನ್ನುತ್ತಿರುತ್ತದೆ. ಬೆಂಗಳೂರಿನಲ್ಲಿ ಮರದ ಅಂಟು, ಹಕ್ಕಿ ಹಿಕ್ಕೆ, ಕಾಮಗಾರಿಯ ಸಿಮೆಂಟ್ ಧೂಳು. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಉಪಚಾರ ಬೇಕು, ಸಮಯವೂ ಬೇಕು. ಆದ್ದರಿಂದ ಹಬ್ಬದ ಹಿಂದಿನ ಭಾನುವಾರವನ್ನು ಮನೆಯವರೆಲ್ಲ ಸೇರಿ ಕಾರಿಗಾಗಿ ಎತ್ತಿಡಿ ಎನ್ನುವುದು ನನ್ನ ಕಳಕಳಿಯ ಮಾತು. ಕಾರು ಹಾಳಾಗುವುದು ಕೊಳೆಯಿಂದ ಮಾತ್ರವಲ್ಲ, ಆ ಕೊಳೆಯನ್ನು ತೆಗೆಯುವ ಅವಸರದಿಂದಲೂ ಹೌದು.

ಕೂದಲಿಗಿಂತ ತೆಳುವಾದ ಕವಚ

ನಾವು ಬಣ್ಣ ಎಂದು ನೋಡುವುದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರವೊಂದಿದೆ. ಪೇಂಟಿಂಗ್ ಅಂಗಡಿಯವರು ಅದನ್ನು ಕ್ಲಿಯರ್ ಕೋಟ್ ಅನ್ನುತ್ತಾರೆ. ಹೊಳಪು ಕೊಡುವುದೂ ಬಿಸಿಲು-ಮಳೆಯಿಂದ ಬಣ್ಣವನ್ನು ಕಾಯುವುದೂ ಅದೇ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ರಸ್ತೆಯ ಧೂಳಿನಲ್ಲಿರುವುದಾದರೋ ಸ್ಫಟಿಕದಂಥ ಮರಳಿನ ಕಣಗಳು. ಈ ಕವಚಕ್ಕಿಂತ ಎಷ್ಟೋ ಪಟ್ಟು ಗಡಸು.

ಹಾಗಾಗಿ ಮೊದಲನೇ ನಿಯಮ: ಧೂಳು ಕೂತ ಕಾರನ್ನು ಒಣಬಟ್ಟೆಯಿಂದ ಒರೆಸಬೇಡಿ. ಒಂದೊಂದು ಸಲ ಬಟ್ಟೆ ಎಳೆದಾಗಲೂ ಆ ಕಣಗಳು ಉಪ್ಪುಕಾಗದದಂತೆ ಕೆಲಸ ಮಾಡುತ್ತವೆ. ಕಪ್ಪು ಅಥವಾ ಕಡುನೀಲಿ ಕಾರನ್ನು ಬಿಸಿಲಿಗೆ ನಿಲ್ಲಿಸಿ ಬಾನೆಟ್ ನೋಡಿ. ಜೇಡರ ಬಲೆಯ ಹಾಗೆ ಸುತ್ತುಸುತ್ತಾಗಿ ಕಾಣುವ ಸಣ್ಣ ಗೀರುಗಳು ಓಡಾಟದಿಂದ ಆದವಲ್ಲ, ದಿನಬೆಳಗಾದರೆ ಒರೆಸಿದ್ದರಿಂದ ಆದವು. ಬಿಳಿ, ಬೆಳ್ಳಿ ಬಣ್ಣದ ಕಾರಿನಲ್ಲೂ ಅವು ಇರುತ್ತವೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಮೊದಲು ಒಳಗೆ

ಕೆಲಸವನ್ನು ಒಳಗಿನಿಂದಲೇ ಶುರು ಮಾಡಿ. ಒಳಗಿನ ಧೂಳನ್ನು ಝಾಡಿಸಿದಾಗ ಅದು ಹಾರಿ ಹೊರಮೈಗೆ ಕೂರುತ್ತದೆ. ತೊಳೆದ ಮೇಲೆ ಹಾಗಾದರೆ ದುಡಿಮೆ ವ್ಯರ್ಥ. ಡಿಕ್ಕಿ, ಬಾಗಿಲ ಜೇಬು, ಗ್ಲೋವ್ ಬಾಕ್ಸ್ ಎಲ್ಲ ಖಾಲಿ ಮಾಡಿ. ಫ್ಲೋರ್ ಮ್ಯಾಟ್‌ಗಳನ್ನು ಹೊರಗೆಳೆದು ಬಡಿದು ತೊಳೆದು ನೆರಳಿನಲ್ಲಿ ಒಣಹಾಕಿ. ಮ್ಯಾಟಿನಡಿಯ ಕಾರ್ಪೆಟ್ ಮುಟ್ಟಿ ನೋಡುವುದನ್ನು ಮರೆಯಬೇಡಿ. ಅಲ್ಲಿ ಪಸೆ ಇದ್ದರೆ ಅದು ಮಕ್ಕಳು ಚೆಲ್ಲಿದ ನೀರೇ ಆಗಬೇಕೆಂದಿಲ್ಲ. ಬಾಗಿಲ ರಬ್ಬರ್ ಸಡಿಲಾಗಿರಬಹುದು, ಏಸಿಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿರಬಹುದು. ಕಾರಣ ಹುಡುಕದೆ ಸುಗಂಧದ ಡಬ್ಬಿ ತೂಗುಹಾಕಿದರೆ ಮುಗ್ಗಲು ವಾಸನೆ ಸ್ವಲ್ಪ ಹೊತ್ತು ಅಡಗುತ್ತದೆ, ತಳದಲ್ಲಿ ತುಕ್ಕು ಮಾತ್ರ ಬೆಳೆಯುತ್ತಲೇ ಇರುತ್ತದೆ.

ಸೀಟು, ಹಳಿ, ಸಂದುಗಳಿಗೆ ವ್ಯಾಕ್ಯೂಮ್ ಕ್ಲೀನರ್ ಬೇಕೇ ಬೇಕು. ಏಸಿಯ ಜಾಲರಿಗೆ ಹಳೆಯ ಪೇಂಟ್ ಬ್ರಷ್ ಸಾಕು. ಬಟ್ಟೆಯ ಸೀಟಿಗೆ ಶಾಂಪೂ ನೀರಿನ ನೊರೆಯನ್ನಷ್ಟೇ ಹಚ್ಚಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಒದ್ದೆಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆಯಿರಿ. ನೀರು ಸುರಿಯಬೇಡಿ. ಸೀಟಿನಡಿ ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟಿನ ವೈರುಗಳು ಇರುತ್ತವೆ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದನ್ನು ಮುಟ್ಟುವ ಗೋಜಿಗೇ ಹೋಗಬಾರದು.

ಕಲೆಗಳಿಗೆ ಅಡುಗೆಮನೆಯಲ್ಲೇ ಮದ್ದಿದೆ. ಹಾಲು ಚೆಲ್ಲಿದ್ದರೆ ತಣ್ಣೀರಿನಿಂದಲೇ ಒರೆಸಿ. ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನ್ ಹೆಪ್ಪುಗಟ್ಟಿ ನೂಲಿಗೆ ಅಂಟಿಕೊಳ್ಳುತ್ತದೆ. ಆರಿದ ಮೇಲೆ ಅಡುಗೆ ಸೋಡಾ ಉದುರಿಸಿ, ರಾತ್ರಿಯಿಡೀ ಬಿಟ್ಟು ಬೆಳಗ್ಗೆ ವ್ಯಾಕ್ಯೂಮ್ ಮಾಡಿದರೆ ಹುಳಿವಾಸನೆ ಬಹಳ ಮಟ್ಟಿಗೆ ಇಳಿಯುತ್ತದೆ. ಕೊಬ್ಬರಿ ಎಣ್ಣೆ, ತುಪ್ಪ ಬಿದ್ದರೆ ಮೊದಲು ಮೈದಾ ಉದುರಿಸಿ ಜಿಡ್ಡು ಹೀರಿಕೊಳ್ಳಲು ಬಿಡಿ, ಆಮೇಲೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ. ಅರಿಶಿನದ ಕಲೆ ತೊಳೆದ ಮೇಲೂ ಉಳಿದರೆ ಬಿಸಿಲಿಗೆ ಬಿಡಿ, ಅದರ ಬಣ್ಣ ಬೆಳಕಿನಲ್ಲಿ ತಾನಾಗಿ ಮಾಸುತ್ತದೆ.

ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಸೌಮ್ಯ ಸೋಪಿನ ನೀರಿನಲ್ಲಿ ಒರೆಸಿ. ಬ್ಲೀಚ್ ತಾಗಿದರೆ ಅದರ ನೂಲು ದುರ್ಬಲವಾಗುತ್ತದೆ. ಪೂರ್ತಿ ಒಣಗುವ ಮುನ್ನ ಒಳಕ್ಕೆ ಸುತ್ತಿಕೊಳ್ಳಲು ಬಿಡಬೇಡಿ. ಡ್ಯಾಶ್‌ಬೋರ್ಡಿಗೆ ಮಿರುಗುವ ಪಾಲಿಶ್ ಬೇಡ. ಮಧ್ಯಾಹ್ನದ ಬಿಸಿಲಿನಲ್ಲಿ ಆ ಹೊಳಪು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಚಾಲಕನ ಕಣ್ಣಿಗೆ ಹೊಡೆಯುತ್ತದೆ. ಸ್ಟೀರಿಂಗ್, ಪೆಡಲ್‌ಗಳಿಗಂತೂ ಯಾವ ಪಾಲಿಶನ್ನೂ ಸೋಕಿಸಬಾರದು. ಕೈ ಕಾಲು ಜಾರಿದರೆ ಅಪಾಯ.

ಗಾಜಿನ ಒಳಮೈಯನ್ನು ಹೆಚ್ಚಿನವರು ಒರೆಸುವುದೇ ಇಲ್ಲ. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನಿಂದ ಹೊಮ್ಮುವ ಆವಿ ಅಲ್ಲಿ ತೆಳುವಾದ ಜಿಡ್ಡಾಗಿ ಕೂತಿರುತ್ತದೆ. ಹಗಲು ಅದು ಕಾಣದು. ರಾತ್ರಿ ಎದುರಿನ ಲಾರಿಯ ಬೆಳಕು ಬಿದ್ದಾಗ ಗಾಜೆಲ್ಲ ಮಂಜಾಗುತ್ತದೆ. ಒಳಮೈಯನ್ನು ಮೇಲಿಂದ ಕೆಳಕ್ಕೆ, ಹೊರಮೈಯನ್ನು ಅಡ್ಡಕ್ಕೆ ಒರೆಸಿ. ಗೆರೆ ಉಳಿದರೆ ಅದು ಯಾವ ಮೈಯಲ್ಲಿದೆ ಎಂದು ಆಗ ಥಟ್ಟನೆ ಗೊತ್ತಾಗುತ್ತದೆ. ಹಿಂದಿನ ಗಾಜಿನ ಒಳಗೆ ಡಿಫಾಗರ್ ತಂತಿಗಳಿದ್ದರೆ ಅಲ್ಲಿ ಮಾತ್ರ ತಂತಿಯ ಗುಂಟವೇ ಕೈಯಾಡಿಸಿ.

ಏಸಿ ಹಾಕಿದೊಡನೆ ವಾಸನೆ ಬರುತ್ತಿದ್ದರೆ ಕ್ಯಾಬಿನ್ ಫಿಲ್ಟರ್ ನೋಡಿ. ಅನೇಕ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದಿದ್ದು ಕೈಯಲ್ಲೇ ಬಿಚ್ಚಬಹುದು. ಮನೆ ಸೇರುವ ಕೆಲವು ನಿಮಿಷ ಮೊದಲು ಏಸಿ ಆರಿಸಿ ಫ್ಯಾನ್ ಮಾತ್ರ ಓಡಿಸಿದರೆ ಒಳಗಿನ ಸುರುಳಿಯ ಪಸೆ ಆರುತ್ತದೆ, ಬೂಷ್ಟು ಹತ್ತಿರ ಸುಳಿಯುವುದಿಲ್ಲ. ಡಿಕ್ಕಿಯ ಹಾಸು ಎತ್ತಿ ಸ್ಟೆಪ್ನಿಯ ಗುಂಡಿಯನ್ನೂ ನೋಡಿ. ಮಳೆನೀರು ಅಲ್ಲಿ ತಿಂಗಳುಗಟ್ಟಲೆ ನಿಂತಿರುವುದುಂಟು.

ಎರಡು ಬಕೆಟ್, ಒಂದು ಕ್ರಮ

ಹೊರಗಿನ ಕೆಲಸಕ್ಕೆ ಬೆಳಗಿನ ಇಲ್ಲವೇ ಸಂಜೆಯ ನೆರಳು ಬೇಕು. ಕಾದ ಬಾನೆಟ್ ಮೇಲೆ ಸೋಪಿನ ನೀರು ಕ್ಷಣದಲ್ಲಿ ಒಣಗಿ ಕಲೆಯಾಗುತ್ತದೆ. ಮೊದಲ ಸರದಿ ಚಕ್ರಗಳದು, ಅತಿ ಕೊಳೆ ಅಲ್ಲೇ ಇರುವುದರಿಂದ. ಬ್ರೇಕ್ ತಣ್ಣಗಾಗಿರಲಿ. ರಿಮ್ಮಿಗೆ ಬಳಸಿದ ಬಟ್ಟೆ ಮತ್ತೆ ಬಾಡಿಗೆ ತಾಗಬಾರದು, ಅದರಲ್ಲಿ ಬ್ರೇಕಿನ ಕಬ್ಬಿಣದ ಪುಡಿ ಸೇರಿರುತ್ತದೆ. ಚಕ್ರದ ಗೂಡಿನ ಎರೆಮಣ್ಣನ್ನು ಕೆರೆಯಬೇಡಿ. ನೀರು ಕುಡಿದರೆ ಉಬ್ಬಿ ಸಡಿಲಾಗುವುದು ಆ ಮಣ್ಣಿನ ಗುಣ. ಚೆನ್ನಾಗಿ ನೆನೆಸಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಹೆಂಟೆಹೆಂಟೆಯಾಗಿ ಕಳಚುತ್ತದೆ. ಕರಾವಳಿಯವರು ತಳಕ್ಕೆ ಸಿಹಿನೀರು ಹಾಯಿಸುವುದನ್ನು ತಿಂಗಳಿಗೊಮ್ಮೆ ತಪ್ಪಿಸಬಾರದು. ತಳಕ್ಕೆ ಡೀಸೆಲ್ ಹೊಡೆಸುವ ಹಳೆಯ ರೂಢಿ ಮಾತ್ರ ಬಿಡಿ: ರಬ್ಬರ್ ಬುಷ್‌ಗಳು ಉಬ್ಬಿ ಹಾಳಾಗುತ್ತವೆ, ಇಳಿದ ಎಣ್ಣೆ ಚರಂಡಿ ಸೇರುತ್ತದೆ.

ಈಗ ಬಾಡಿ. ಮೊದಲು ಬರಿಯ ನೀರು ಹಾಕಿ ಸಡಿಲ ಧೂಳನ್ನೆಲ್ಲ ಇಳಿಸಿ. ಒಂದು ಬಕೆಟ್‌ನಲ್ಲಿ ಕಾರಿನ ಶಾಂಪೂ ನೀರು, ಇನ್ನೊಂದರಲ್ಲಿ ಬರಿ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ ಒಂದು ಭಾಗ ತೊಳೆಯಿರಿ, ಎರಡನೇ ಬಕೆಟ್‌ನಲ್ಲಿ ಜಾಲಿಸಿ ಹಿಂಡಿ, ಮತ್ತೆ ಶಾಂಪೂ ನೀರಿಗೆ. ಹೀಗೆ ಮಾಡಿದಾಗ ಮರಳು ಎರಡನೇ ಬಕೆಟ್‌ನ ತಳಕ್ಕೆ ಇಳಿಯುತ್ತದೆ, ಮರಳಿ ಕಾರಿನ ಮೈಗೆ ಬರುವುದಿಲ್ಲ. ಮೇಲ್ಛಾವಣಿಯಿಂದ ಶುರು ಮಾಡಿ ಗಾಜು, ಬಾನೆಟ್, ಬಾಗಿಲು ಅಂತ ಕೆಳಗಿಳಿಯಿರಿ. ಬಂಪರ್ ಕೊನೆಗೆ. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ. ಅದರ ಕ್ಷಾರ ಹಿಂದೆ ಹಚ್ಚಿದ ವ್ಯಾಕ್ಸನ್ನು ಕಿತ್ತು ರಬ್ಬರನ್ನು ಒಣಗಿಸುತ್ತದೆ.

ಬಾನೆಟ್ ಎತ್ತಿ ವೈಪರ್‌ಗಳ ಬುಡದ ತೊಟ್ಟಿಯಂಥ ಜಾಗ ನೋಡಿ. ಹೊಂಗೆ, ಗುಲ್‌ಮೊಹರ್‌ಗಳ ಸಣ್ಣ ಎಲೆಗಳು ಅಲ್ಲೇ ಕೊಳೆತು ನೀರಿನ ದಾರಿ ಮುಚ್ಚುತ್ತವೆ. ಅವನ್ನು ಕೈಯಿಂದಲೇ ಆಯ್ದು ತೆಗೆಯಿರಿ. ಪ್ರತಿ ಬಾಗಿಲ ಕೆಳ ಅಂಚಿನಲ್ಲೂ ನೀರು ಬಸಿಯುವ ಸಣ್ಣ ತೂತುಗಳಿರುತ್ತವೆ, ಕಡ್ಡಿಯಿಂದ ಮಣ್ಣು ಬಿಡಿಸಿ. ಬಾಗಿಲು ತುಕ್ಕು ಹಿಡಿಯಲು ಶುರುವಾಗುವುದು ಅಲ್ಲೇ. ಎಂಜಿನ್‌ಗೆ ಜೋರು ನೀರು ಹೊಡೆಯಬೇಡಿ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್‌ಗಳಿಗೆ ನೀರು ಆಗದು. ಒದ್ದೆಬಟ್ಟೆಯಿಂದ ಒರೆಸಿದರೆ ಸಾಕು. ಇಲಿ ಕಡಿದ ವೈರು, ಬಿರಿದ ಹೋಸ್, ಬ್ಯಾಟರಿ ತುದಿಯಲ್ಲಿ ಕಟ್ಟಿದ ಬೆಳ್ಳನೆಯ ಪುಡಿ ಕಣ್ಣಿಗೆ ಬೀಳುವುದೂ ಆಗಲೇ. ಸ್ವಂತ ಕೈಯಿಂದ ತೊಳೆಯುವುದರ ದೊಡ್ಡ ಲಾಭವೇ ಇದು: ಟೈರಿನಲ್ಲಿ ಹೊಕ್ಕ ಮೊಳೆಯನ್ನು ಹೆದ್ದಾರಿಯಲ್ಲಿ ಗಾಳಿ ಇಳಿಯುವ ಮುನ್ನ ಮನೆಯಂಗಳದಲ್ಲೇ ಕಾಣುತ್ತೀರಿ.

ತೊಳೆದರೂ ಹೋಗದ್ದು

ಕಾರು ಒಣಗಿದ ಮೇಲೆ ಕೈಗೆ ತೆಳುವಾದ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಮೇಲೆ ಮೆಲ್ಲಗೆ ಸವರಿ. ತರಿತರಿ ಅನ್ನಿಸಿದರೆ ಕಬ್ಬಿಣದ ಪುಡಿ, ಮರದ ಅಂಟು ಇನ್ನೂ ಕಚ್ಚಿಕೊಂಡಿವೆ ಎಂದರ್ಥ. ಅಂಗಡಿಯಲ್ಲಿ ಕ್ಲೇ ಬಾರ್ ಎಂಬ ಜೇಡಿಯಂಥ ಮುದ್ದೆ ಸಿಗುತ್ತದೆ. ಮೈಯನ್ನು ಚೆನ್ನಾಗಿ ಒದ್ದೆ ಮಾಡಿ ಅದನ್ನು ಹಗುರವಾಗಿ ಜಾರಿಸಿದರೆ ಇವು ಕಿತ್ತು ಬರುತ್ತವೆ. ಮುದ್ದೆ ನೆಲಕ್ಕೆ ಬಿದ್ದರೆ ಮತ್ತೆ ಬಳಸಬೇಡಿ.

ಹಕ್ಕಿ ಹಿಕ್ಕೆಗೆ ಭಾನುವಾರದವರೆಗೆ ಕಾಯುವುದು ಸಲ್ಲ. ಅದರಲ್ಲಿ ಆಮ್ಲವಿದೆ, ಬಿಸಿಲಿಗೆ ಕಾದಾಗ ಕವಚವನ್ನೇ ಕೊರೆಯುತ್ತದೆ. ಒದ್ದೆಬಟ್ಟೆಯನ್ನು ಅದರ ಮೇಲೆ ಕೆಲವು ನಿಮಿಷ ಹೊದಿಸಿ, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ.

ಪಾಲಿಶಿಗೂ ವ್ಯಾಕ್ಸಿಗೂ ವ್ಯತ್ಯಾಸ ತಿಳಿದಿರಬೇಕು. ಗ್ಯಾರೇಜಿನಲ್ಲಿ ರಬ್ಬಿಂಗ್ ಎಂದು ಮಾಡುವುದು ಗೀರಿನ ಆಳದವರೆಗೆ ಕವಚವನ್ನು ಸವೆಸುವ ಕೆಲಸ. ಗೀರು ಮಾಯವಾಗುತ್ತದೆ, ಜೊತೆಗೆ ಆ ತೆಳು ಪದರದ ಒಂದಿಷ್ಟು ಭಾಗವೂ. ಪ್ರತಿ ಹಬ್ಬಕ್ಕೂ ರಬ್ಬಿಂಗ್ ಮಾಡಿಸುತ್ತಾ ಹೋದರೆ ಕಾಯುವ ಕವಚವೇ ಉಳಿಯದು. ವ್ಯಾಕ್ಸ್ ಏನನ್ನೂ ತೆಗೆಯುವುದಿಲ್ಲ, ಮೇಲೊಂದು ಪದರ ಕೂಡಿಸುತ್ತದೆ. ಬ್ರೆಜಿಲ್‌ನ ಒಂದು ಜಾತಿಯ ತಾಳೆಯ ಎಲೆಯಿಂದ ಬರುವ ಕಾರ್ನೌಬಾ ಮೇಣದ ವ್ಯಾಕ್ಸನ್ನು ವರ್ಷಕ್ಕೆ ಮೂರ್ನಾಲ್ಕು ಸಲ ತೆಳುವಾಗಿ ಹಚ್ಚಿದರೆ ಮನೆಯ ಕಾರಿಗೆ ಧಾರಾಳವಾಯಿತು.

ನೀರಿನ ಲೆಕ್ಕ

2024ರ ಮಾರ್ಚ್‌ನಲ್ಲಿ ನೀರಿನ ಬರ ಬಿಗಡಾಯಿಸಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಬೇಸಿಗೆ ಕಳೆದರೂ ಆ ಪಾಠ ಮರೆಯಬಾರದು. ನಿಮಿಷಕ್ಕೆ 10 ಲೀಟರ್ ಸುರಿಯುವ ಪೈಪನ್ನು ಅರ್ಧ ಗಂಟೆ ಬಿಟ್ಟರೆ 300 ಲೀಟರ್ ಹೋಯಿತು. ಬಕೆಟ್ ಲೆಕ್ಕದಲ್ಲಿ ತೊಳೆದರೆ ಅದರ ಕಾಲುಭಾಗವೂ ಬೇಡ.

ಕೊಳವೆಬಾವಿಯ ಗಡಸು ನೀರಿಗೆ ಇನ್ನೊಂದು ದೋಷವಿದೆ. ಅದರ ಸುಣ್ಣದಂಶ ಹನಿಹನಿಯಾಗಿ ಒಣಗಿ ಬಿಳಿ ಚುಕ್ಕೆ ಬಿಡುತ್ತದೆ. ತೊಳೆದ ಕೂಡಲೇ ಒಣ ಮೈಕ್ರೋಫೈಬರ್ ಹಾಸಿ ಒತ್ತಿ ನೀರು ಹೀರಿಸಿ. ಮಳೆನೀರು ಕೊಯ್ಲಿನ ತೊಟ್ಟಿ ಇರುವ ಮನೆಗಳಿಗೆ ಇದರ ಚಿಂತೆಯೇ ಇಲ್ಲ: ಮಳೆನೀರು ಮೃದು, ಕೊನೆಯ ಜಾಲಿಕೆಗೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ. ಆದರೆ ಕಾರನ್ನು ಹೊಳೆಗೋ ಕೆರೆಗೋ ಇಳಿಸಿ ತೊಳೆಯುವುದು ಎಂದಿಗೂ ಬೇಡ. ಎಂಜಿನ್ ಎಣ್ಣೆ, ಗ್ರೀಸ್ ಸೇರಿದ ಆ ನೀರನ್ನೇ ಕೆಳಗಿನ ಊರಿನ ದನಕರು ಕುಡಿಯುತ್ತವೆ.

ನಗರಗಳ ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳಗಿನ ಜಾವ ಬಂದು ಒಂದೇ ಬಕೆಟ್ ನೀರಿನಲ್ಲಿ ಸಾಲು ಕಾರುಗಳನ್ನು ಒರೆಸುವವರನ್ನೂ ಇಲ್ಲಿ ನೆನೆಯಬೇಕು. ಗೀರಿಗೆ ಅವರನ್ನು ದೂರುವುದು ಅನ್ಯಾಯ. ನಾವು ಕೊಡುವ ನೀರು, ಸಮಯ, ಸಂಬಳ ಅಷ್ಟೇ. ನಿಮ್ಮ ಕಾರಿಗೆಂದೇ ಎರಡು ಒಳ್ಳೆಯ ಬಟ್ಟೆ ಕೊಡಿ. ದಿನವೂ ಒಣಗಿದ್ದನ್ನು ಒರೆಸುವ ಬದಲು ವಾರಕ್ಕೊಮ್ಮೆ ಸರಿಯಾಗಿ ತೊಳೆಯಲು ಹೇಳಿ, ಸಂಬಳ ಮಾತ್ರ ಕಡಿಮೆ ಮಾಡಬೇಡಿ. ಕಾರಿಗೂ ಅವರ ಸೊಂಟಕ್ಕೂ ಅದೇ ಒಳ್ಳೆಯದು.

ಪೂಜೆಯಾದ ಮೇಲೆ

ಪೂಜೆ ಸಾಂಗವಾಗಿ ನಡೆಯಲಿ. ಅರಿಶಿನ ಕುಂಕುಮವನ್ನು ಬಾಡಿಗಿಂತ ಗಾಜಿನ ಅಂಚಿಗೆ ಅಥವಾ ನಂಬರ್ ಪ್ಲೇಟಿನ ಮೇಲ್ಭಾಗದ ಪ್ಲಾಸ್ಟಿಕ್ಕಿಗೆ ಇಟ್ಟರೆ ಬಣ್ಣ ಉಳಿಯುತ್ತದೆ. ಬಾಡಿಗೆ ತಾಗಿದ್ದರೆ ಅಂದು ಸಂಜೆಯೇ ನೀರು ಹಾಕಿ ತೊಳೆಯಿರಿ, ನಿಂಬೆಯ ರಸ ಸಿಡಿದಿದ್ದರೂ ಅಷ್ಟೆ. ರಸ್ತೆಗಿಳಿಯುವ ಮುನ್ನ ದೀಪಗಳಿಗೆ ಅಡ್ಡವಾದ ಬಾಳೆಕಂದು, ರೇಡಿಯೇಟರ್ ಜಾಲರಿ ಮುಚ್ಚಿದ ಹೂಮಾಲೆ ತೆಗೆಯಲೇಬೇಕು. ಒಡೆದ ಬೂದುಗುಂಬಳವನ್ನು ನಡುರಸ್ತೆಯಲ್ಲಿ ಬಿಡದೆ ಬಳಿದು ತೆಗೆಯಿರಿ. ಅದರ ಮೇಲೆ ಜಾರಿ ಬೀಳುವುದು ಬೈಕಿನಲ್ಲಿ ಬರುವ ಇನ್ನೊಬ್ಬರ ಮಗ.

ಹಬ್ಬಕ್ಕೊಮ್ಮೆ ಮಾಡಿದ ಈ ದೊಡ್ಡ ಕೆಲಸ ಉಳಿಯಬೇಕಾದರೆ ಮುಂದೆ ಹೆಚ್ಚೇನೂ ಬೇಡ. ವಾರಕ್ಕೊಮ್ಮೆ ಎರಡು ಬಕೆಟ್ ನೀರು, ತಿಂಗಳಿಗೊಮ್ಮೆ ಒಳಗಿನ ವ್ಯಾಕ್ಯೂಮ್, ಮೂರ್ನಾಲ್ಕು ತಿಂಗಳಿಗೊಮ್ಮೆ ವ್ಯಾಕ್ಸ್. ಮಕ್ಕಳಿಗೂ ಒಂದು ಪಾಲು ಕೊಡಿ: ಚಕ್ರ ಒಬ್ಬರಿಗೆ, ಗಾಜು ಇನ್ನೊಬ್ಬರಿಗೆ. ಟೈರಿನ ಗೀರು ಸವೆದಿದೆಯೇ, ಹಿಂದಿನ ದೀಪ ಉರಿಯುತ್ತಿದೆಯೇ ಎಂದು ನೋಡುವ ಕಣ್ಣು ಅವರಿಗೆ ಈಗಿನಿಂದಲೇ ಬಂದರೆ, ನಾಳೆ ಸ್ಟೀರಿಂಗ್ ಹಿಡಿಯುವಾಗ ಗಾಡಿಯನ್ನೂ ಅದರಲ್ಲಿ ಕೂತವರನ್ನೂ ಜೋಪಾನವಾಗಿ ಕರೆದೊಯ್ಯುತ್ತಾರೆ. ನಮ್ಮನ್ನು ಹೊತ್ತು ಓಡುವ ಯಂತ್ರಕ್ಕೆ ನಾವು ಸಲ್ಲಿಸಬೇಕಾದ ಪೂಜೆ ಹಬ್ಬದ ದಿನಕ್ಕೆ ಮುಗಿಯುವುದಿಲ್ಲ, ವರ್ಷವಿಡೀ ನಡೆಯಬೇಕು.