ಮೇದೋಜೀರಕಕ್ಕೆ ಸುದ್ದಿ ಮುಟ್ಟಿಸುವವರು ಯಾರು?

ಕಳೆದ ಕಿರುಪರೀಕ್ಷೆಯಲ್ಲಿ ಸೆಕ್ರೆಟಿನ್ ಮತ್ತು ಕೊಲೆಸಿಸ್ಟೊಕೈನಿನ್‌ಗಳ ಕೆಲಸವನ್ನು ಅದಲುಬದಲು ಬರೆದು ನಾನು ಎರಡು ಅಂಕ ಕಳೆದುಕೊಂಡೆ. ಉತ್ತರಪತ್ರಿಕೆ ಕೊಡುವಾಗ ಜೀವಶಾಸ್ತ್ರದ ಮೇಡಂ ಒಂದು ಪ್ರಯೋಗದ ಕಥೆ ಹೇಳಿದರು. ಅದು ಗೊತ್ತಾದ ಮೇಲೆ ಗೊಂದಲ ಉಳಿಯಲಿಲ್ಲ.

ಮೇದೋಜೀರಕ ಗ್ರಂಥಿ ರಸ ಸುರಿಸುವುದು ನರಗಳ ಆಜ್ಞೆಯಿಂದ ಎಂದೇ ಆಗ ನಂಬಿಕೆ. ಪಾವ್ಲೊವ್ ಕೂಡ ಹಾಗೆಯೇ ಹೇಳಿದ್ದರು. 1902ರ ಜನವರಿಯಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್, ಅರಿವಳಿಕೆ ಕೊಟ್ಟ ನಾಯಿಯ ಸಣ್ಣ ಕರುಳಿನ ಒಂದು ಭಾಗಕ್ಕೆ ಹೋಗುವ ನರಗಳನ್ನು ಕತ್ತರಿಸಿ, ರಕ್ತನಾಳಗಳನ್ನು ಮಾತ್ರ ಉಳಿಸಿ, ಅದರೊಳಗೆ ಆಮ್ಲ ಹಾಕಿದರು. ಆದರೂ ರಸ ಬಂತು! ಹಾಗಾದರೆ ಸುದ್ದಿ ಹೋದದ್ದು ರಕ್ತದ ಮೂಲಕವೇ ಇರಬೇಕು. ಕರುಳಿನ ಒಳಪೊರೆಯನ್ನು ಕೆರೆದು, ಆಮ್ಲ ಸೇರಿಸಿ ಅರೆದು, ಸೋಸಿ ರಕ್ತನಾಳಕ್ಕೆ ಚುಚ್ಚಿದಾಗಲೂ ರಸ ಬಂತು. ಅದರಲ್ಲಿದ್ದ ವಸ್ತುವೇ ಸೆಕ್ರೆಟಿನ್. 'ಹಾರ್ಮೋನ್' ಎಂಬ ಹೆಸರು ಬಳಕೆಗೆ ಬಂದದ್ದು 1905ರಲ್ಲಿ. (ನರಗಳಿಗೂ ಪಾತ್ರವಿದೆ, ಪಾವ್ಲೊವ್ ಪೂರ್ತಿ ತಪ್ಪೇನಲ್ಲ.)

ಈಗ ನಾನು ನೆನಪಿಟ್ಟುಕೊಳ್ಳುವುದು ಹೀಗೆ: ಜಠರದಿಂದ ಆಮ್ಲ ಇಳಿದರೆ ಸೆಕ್ರೆಟಿನ್. ಅದು ಬೈಕಾರ್ಬೊನೇಟ್ ತುಂಬಿದ, ನೀರಿನಂತಹ ರಸವನ್ನು ತರಿಸಿ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಕೊಬ್ಬು, ಪ್ರೋಟೀನ್ ಇಳಿದರೆ, ಬಿರಿಯಾನಿ ತಿಂದೆವು ಎನ್ನಿ, ಕೊಲೆಸಿಸ್ಟೊಕೈನಿನ್. ಅದು ಕಿಣ್ವಗಳನ್ನು ಬಿಡಿಸುತ್ತದೆ, ಪಿತ್ತಕೋಶವನ್ನೂ ಹಿಂಡುತ್ತದೆ. ಆಮ್ಲ ಹಾಗೆಯೇ ಉಳಿದರೆ ಆ ಕಿಣ್ವಗಳು ಸರಿಯಾಗಿ ಕೆಲಸ ಮಾಡವು. ಅದಕ್ಕೇ ಇಬ್ಬರೂ ಜೊತೆಗಿರಬೇಕು. ಆಮ್ಲ ತಗ್ಗಿದಂತೆ ಸೆಕ್ರೆಟಿನ್ ಬರುವುದೂ ತಾನಾಗಿಯೇ ಕಡಿಮೆಯಾಗುತ್ತದೆ.