ವಿದ್ಯುತ್ ಹೋಗಿ ಬಂದರೂ ಪ್ರಿಂಟರ್ ಸಿಗುವಂತೆ
ಪುಣೆಯ ಬಾಲಭಾರತಿಯು ಕನ್ನಡ ಪಠ್ಯಪುಸ್ತಕಗಳನ್ನು ಪಿಡಿಎಫ್ ರೂಪದಲ್ಲಿಯೂ ಒದಗಿಸುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಕೆಲವು ಮನೆಗಳಲ್ಲಿ ಅವುಗಳ ಪಾಠಗಳನ್ನು ವೈಫೈ ಪ್ರಿಂಟರಿನಲ್ಲಿ ಮುದ್ರಿಸಿಕೊಳ್ಳುತ್ತೇವೆ. ಪರೀಕ್ಷೆಯ ಹಿಂದಿನ ರಾತ್ರಿ ವಿದ್ಯುತ್ ಹೋಗಿ ಬಂದರೆ ಪ್ರಿಂಟರ್ ಕಂಪ್ಯೂಟರಿಗೆ ಕಾಣಿಸದಿರುವುದುಂಟು. ಕೆಟ್ಟಿತೆಂದು ರಿಪೇರಿಗೆ ಒಯ್ಯುವ ಅವಸರ ಬೇಡ.

ಮನೆಯೊಳಗಿನ ಪ್ರತಿಯೊಂದು ಸಾಧನಕ್ಕೂ ರೌಟರು 192.168.1.5ರಂತಹ ವಿಳಾಸವನ್ನು ತಾತ್ಕಾಲಿಕವಾಗಿ ಕೊಡುತ್ತದೆ. ರೌಟರು ಮತ್ತೆ ಚಾಲೂ ಆದಾಗ ಅದು ಬದಲಾಗಬಹುದು. ಕಂಪ್ಯೂಟರು ಮಾತ್ರ, ಬಾಡಿಗೆದಾರರು ಬಿಟ್ಟುಹೋದ ಮನೆಯ ಬಾಗಿಲು ತಟ್ಟುವವರಂತೆ, ಹಳೆಯ ವಿಳಾಸದಲ್ಲೇ ಹುಡುಕುತ್ತದೆ.

ರೌಟರಿನ ಹಿಂಬದಿಯ ಚೀಟಿಯಲ್ಲಿರುವ ವಿಳಾಸವನ್ನು (ಹಲವು ರೌಟರುಗಳಲ್ಲಿ 192.168.1.1) ಬ್ರೌಸರಿನಲ್ಲಿ ಬರೆದು, ಪಾಸ್‌ವರ್ಡ್ ಕೊಟ್ಟು ಒಳಹೊಕ್ಕು, ಡಿಎಚ್‌ಸಿಪಿ ಪುಟದ ‘ಅಡ್ರೆಸ್ ರಿಸರ್ವೇಶನ್’ನಲ್ಲಿ ಪ್ರಿಂಟರಿನ ಮ್ಯಾಕ್ ಸಂಖ್ಯೆಗೆ ಒಂದು ವಿಳಾಸವನ್ನು ಕಾಯ್ದಿರಿಸಬೇಕು. ಬಳಿಕ ಕಂಪ್ಯೂಟರಿಗೆ ಪ್ರಿಂಟರನ್ನು ಅದೇ ವಿಳಾಸದಿಂದ ಒಮ್ಮೆ ಸೇರಿಸಿದರಾಯಿತು. ಮೊದಲೇ ಇಳಿಸಿಕೊಂಡ ಪಾಠವನ್ನು ಇಂಟರ್ನೆಟ್ ಇಲ್ಲದಾಗಲೂ ಮುದ್ರಿಸಬಹುದು. ರೌಟರಿಗೆ ವಿದ್ಯುತ್ ಇದ್ದರೆ ಸಾಕು.